ಬಾದಾಮಿ ಹಾಲಿಗೆ ಬೆಲ್ಲವೋ, ಖರ್ಜೂರವೋ, ಸ್ಟೀವಿಯಾವೋ?

ಧನುರ್ಮಾಸದ ಚಳಿಯಲ್ಲಿ ಮೈಸೂರು ಕಡೆ ಕತ್ತಲಾಗುತ್ತಿದ್ದಂತೆ ಬಿಸಿ ಬಾದಾಮಿ ಹಾಲು ನೆನಪಾಗುತ್ತದೆ. ತಕರಾರು ಇರುವುದು ಅದರ ಸಕ್ಕರೆಯಲ್ಲಿ. 150 ಮಿಲಿ ಲೋಟಕ್ಕೆ ಮೂರು ಮಟ್ಟ ಟೀ ಚಮಚ ಹಾಕಿದರೆ 12 ಗ್ರಾಂ ಆಯಿತು. ಹಾಲಿನೊಳಗೇ ಸುಮಾರು 7 ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನದೇ ಸಹಜ ಸಕ್ಕರೆ, ಇದೆ; ಅದನ್ನು ನಾವು ಮುಟ್ಟಲಾಗದು. ಕಡಿತವೇನಿದ್ದರೂ ಮೇಲೆ ಹಾಕುವ 12 ಗ್ರಾಂನಲ್ಲೇ ಆಗಬೇಕು.

ಹೋಲಿಕೆಗೆ ಎಲ್ಲ ಲೋಟಕ್ಕೂ ಒಂದೇ ಅಳತೆ: ನಂದಿನಿ ನೀಲಿ ಪ್ಯಾಕೆಟ್ ಹಾಲು 150 ಮಿಲಿ, ಬಾದಾಮಿ 10, ಏಲಕ್ಕಿ 1, ಬೆಚ್ಚನೆ ಹಾಲಿನಲ್ಲಿ ಕಾಲು ಗಂಟೆ ನೆನೆದ ಕೇಸರಿ 6 ಎಳೆ. ಬಾದಾಮಿಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಸಿಪ್ಪೆ ಸುಲಿದು, ಎರಡು ಚಮಚ ತಣ್ಣನೆ ಹಾಲಿನ ಜೊತೆ ನುಣ್ಣಗೆ ರುಬ್ಬಬೇಕು. ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮ ಓಡಿಸಿದರೆ ಜಾರ್ ಕಾದು ಬಾದಾಮಿ ಎಣ್ಣೆ ಬಿಡುತ್ತದೆ. ಹಾಲು ಉಕ್ಕಿ ಬಂದ ಮೇಲೆ ಇದನ್ನು ಬೆರೆಸಿ, ಸಣ್ಣ ಉರಿಯಲ್ಲಿ 4–5 ನಿಮಿಷ ಕೈಯಾಡಿಸಿ. ತರಿ ಉಳಿದಿದ್ದರೆ ಪಾತ್ರೆಯ ತಳ ಹಿಡಿದು ಸೀದ ವಾಸನೆ ಬರುತ್ತದೆ.

ಮೊದಲು ಬೆಲ್ಲ, ಮಂಡ್ಯದ ಪಕ್ಕದಲ್ಲಿದ್ದು ಅದನ್ನು ಬಿಡುವುದುಂಟೇ? ಆದರೆ ಬೆಲ್ಲ ಹಾಕಿದರೆ ಸಕ್ಕರೆ ಬಿಟ್ಟಂತೆ ಎಂದುಕೊಳ್ಳುವುದು ತಪ್ಪು. 12 ಗ್ರಾಂ ಬೆಲ್ಲದಲ್ಲಿ ಸುಮಾರು 10 ಗ್ರಾಂ ಸಕ್ಕರೆಯೇ ಇರುತ್ತದೆ. ಸಿಹಿ ಕೊಂಚ ಮಂದವಾದ್ದರಿಂದ ಕೈ ತಾನಾಗಿ ಇನ್ನೊಂದು ಚೂರು ಮುರಿಯುತ್ತದೆ; ಉಳಿತಾಯ ಅಲ್ಲಿಗೆ ಮುಗಿಯಿತು. ಇನ್ನೊಂದು ಕಾಟ, ಹಾಲು ಒಡೆಯುವುದು. ಬೆಲ್ಲದ ಹುಳಿಯಂಶ ಮತ್ತು ಲವಣಗಳು ಕುದಿವ ಹಾಲಿಗೆ ಸೇರಿದರೆ ಹೀಗಾಗುತ್ತದೆ. ನೀರೊಡೆದ ಹಳೇ ಬೆಲ್ಲದಲ್ಲಿ ಹುಳಿ ಹೆಚ್ಚು, ಅಪಾಯವೂ ಹೆಚ್ಚು. ಎರಡು ಚಮಚ ನೀರಿನಲ್ಲಿ ಕರಗಿಸಿ, ಸೋಸಿ, ಆರಲು ಬಿಡಿ. ಹಾಲನ್ನು ಒಲೆಯಿಂದ ಇಳಿಸಿ ಮೂರ್ನಾಲ್ಕು ನಿಮಿಷವಾದ ಮೇಲೆ ಸೇರಿಸಿ, ಮತ್ತೆ ಕುದಿಸಬೇಡಿ. ಕೇಸರಿ ಇಲ್ಲಿ ದಂಡ, ಬೆಲ್ಲದ ಘಮದ ಮುಂದೆ ಅದು ಏಳುವುದೇ ಇಲ್ಲ. ಅದರ ಬದಲು ಚಿಟಿಕೆ ಶುಂಠಿ ಪುಡಿ, ಎರಡು ಕಾಳು ಮೆಣಸು ಕುಟ್ಟಿ ಹಾಕಿದರೆ ಗಂಟಲಿಗೆ ಹಿತ. ರುಚಿಗೆ ನೂರಕ್ಕೆ ನೂರು, ಸಕ್ಕರೆ ಕಡಿತಕ್ಕೆ ಸೊನ್ನೆ.

ಖರ್ಜೂರದ ಕಥೆಯೂ ಹೆಚ್ಚುಕಡಿಮೆ ಅದೇ. ಮೆತ್ತನೆಯ ಎರಡು ಹಣ್ಣಿನ ತಿರುಳು 16 ಗ್ರಾಂ ಬಂದರೆ ಅದರಲ್ಲಿ 10 ಗ್ರಾಂ ಸಕ್ಕರೆ. ಜೊತೆಗೆ ಒಂದು ಗ್ರಾಂನಷ್ಟು ನಾರು ಸಿಗುತ್ತದೆ, ಅದೊಂದೇ ಲಾಭ. ಬಾದಾಮಿಯ ಜೊತೆಗೇ ರುಬ್ಬಿದರೂ ಸಿಪ್ಪೆ ನಾಲಿಗೆಗೆ ಸಿಗುತ್ತದೆ, ಸೋಸಲೇಬೇಕು. ಉತ್ತುತ್ತೆಯಾದರೆ ರಾತ್ರಿಯೇ ನೆನೆಹಾಕಬೇಕು. ಒಂದೇ ಹಣ್ಣಿಗೆ ನಿಲ್ಲಿಸಿದರೆ ಐದು ಗ್ರಾಂಗೆ ಇಳಿಯುತ್ತದೆ. ಮಕ್ಕಳ ಲೋಟಕ್ಕೆ ಅದು ಸಾಕು.

ಗಿಡದ ಎಲೆಯಿಂದ ತೆಗೆಯುವ ಸಿಹಿಯಾದ ಸ್ಟೀವಿಯಾ ಮಾತ್ರ ಲೆಕ್ಕದಲ್ಲಿ ನಿಜವಾಗಿ ಗೆಲ್ಲುತ್ತದೆ. ಸಕ್ಕರೆಗಿಂತ 200–300 ಪಟ್ಟು ಸಿಹಿ, ಕುದಿಸಿದರೂ ಕೆಡದು. ಸೋಲುವುದು ನಾಲಿಗೆಯಲ್ಲಿ: ಪ್ರಮಾಣ ಏರಿದಂತೆ ಗುಟುಕಿನ ಕೊನೆಗೆ ಕಹಿ ಉಳಿಯುತ್ತದೆ, ಹಾಲಿನ ಕೆನೆರುಚಿಯೂ ಅದನ್ನು ಮುಚ್ಚದು. ಪೂರ್ತಿ ಸಿಹಿಯನ್ನು ಅದರಿಂದಲೇ ತರಲು ಹೋಗದೆ, ಒಂದು ಚಮಚ ಸಕ್ಕರೆಯಷ್ಟು ಸಿಹಿಗೆ ಮಾತ್ರ ಬಳಸಿ, ಏಲಕ್ಕಿಯನ್ನು ಎರಡು ಮಾಡಿದರೆ ಕುಡಿಯಬಹುದು. ಪುಡಿಯ ಪೊಟ್ಟಣವಾದರೆ ಮಾಲ್ಟೋಡೆಕ್ಸ್‌ಟ್ರಿನ್ ಅಥವಾ ಡೆಕ್ಸ್‌ಟ್ರೋಸ್ ಬೆರೆತಿದೆಯೇ ನೋಡಿ; ಎರಡೂ ರಕ್ತದ ಸಕ್ಕರೆ ಏರಿಸುವಂಥವು. ಅಂದಹಾಗೆ, ತೂಕ ಇಳಿಸಲು ಇಂಥ ಬದಲಿಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಈಗಾಗಲೇ ಮಧುಮೇಹ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿದೆ.

ಗ್ರಂಥಿಗೆ ಅಂಗಡಿಯ ಅತಿಮಧುರವನ್ನು (ಜ್ಯೇಷ್ಠಮಧು ಎಂಬ ಸಿಹಿ ಬೇರು) ಬಾದಾಮಿ ಹಾಲಿಗೆ ಹಾಕಬೇಡಿ. ಅದರ ಸಿಹಿ ತಡವಾಗಿ ಹತ್ತಿ, ಬಹಳ ಹೊತ್ತು ಬಿಡುವುದಿಲ್ಲ. ಜೀರಿಗೆ–ಕೊತ್ತಂಬರಿ ಕಷಾಯಕ್ಕೆ ಅರ್ಧ ಇಂಚು ಕಡ್ಡಿ ಸೊಗಸು. ದಿನಾ ಕುಡಿದರೆ ರಕ್ತದೊತ್ತಡ ಏರಬಹುದು, ಬಿಪಿ ಇರುವವರಿಗೆ ಬೇಡ.

ಉಳಿದದ್ದು ನಮ್ಮ ಆಯ್ಕೆ, ಸಕ್ಕರೆಯೇ, ಆದರೆ ಒಂದೇ ಚಮಚ. ಅದು ಸಪ್ಪೆ ಎನಿಸದಿರಲು ಬಾದಾಮಿಯನ್ನು 14ಕ್ಕೆ ಏರಿಸಿ; ಹಾಲು ಮಂದವಾಗಿ ಬಾದಾಮಿಯ ರುಚಿ ಎದ್ದು ಬರುತ್ತದೆ. ಮಂದ ಬರಲೆಂದು ಹಾಲನ್ನೇ ಬತ್ತಿಸಿದರೆ ಲೋಟದ ಲ್ಯಾಕ್ಟೋಸೂ ಏರುತ್ತದೆ. ಆ ಚಮಚ ಸಕ್ಕರೆಯ ಜೊತೆಗೇ ಏಲಕ್ಕಿ ಕುಟ್ಟಿ, ಉಪ್ಪಿನ ನಾಲ್ಕು ಹರಳು ಸೇರಿಸಿ, ಇಳಿಸಿದ ಮೇಲೆ ಹಾಕಿ, ಎತ್ತಿ ಹೊಯ್ದು ನೊರೆ ಬರಿಸಿ. ಬಿಸಿಯಿರುವಾಗಲೇ ಕುಡಿಯಿರಿ, ಆರಿದರೆ ಸಿಹಿ ಸಾಲದು. ಮೂರರಿಂದ ಒಂದಕ್ಕೆ ಒಂದೇ ದಿನ ಇಳಿಯಬೇಡಿ. ನಾಲ್ಕೈದು ದಿನಕ್ಕೊಮ್ಮೆ ಅರ್ಧ ಚಮಚ ಕಡಿಮೆ ಮಾಡಿ. ಒಂದು ಮಾತು ಮುಚ್ಚಿಡಬಾರದು: ಬಿಟ್ಟ 8 ಗ್ರಾಂ ಸಕ್ಕರೆಯ ಕ್ಯಾಲೊರಿಯನ್ನು ಹೆಚ್ಚಿನ ನಾಲ್ಕು ಬಾದಾಮಿ ಬಹುಪಾಲು ತುಂಬಿಬಿಡುತ್ತವೆ. ಇಲ್ಲಿ ಇಳಿದದ್ದು ಸಕ್ಕರೆ, ಕ್ಯಾಲೊರಿಯಲ್ಲ.

ಅಂಗಡಿಯ ಬಾದಾಮಿ ಪುಡಿಯನ್ನು ಈ ಸಾಲಿಗೆ ಸೇರಿಸಿಲ್ಲ. ಡಬ್ಬಿಯ ಹಿಂದೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ, ಹೆಚ್ಚಿರುವುದು ಮೊದಲು ಬರುವಂತೆ, ಬರೆದಿರುತ್ತಾರೆ. ಸಕ್ಕರೆ ಮೊದಲಿದ್ದು ಬಾದಾಮಿ ಮೂರನೆಯದಾಗಿದ್ದರೆ ಡಬ್ಬಿ ಅಲ್ಲೇ ಇರಲಿ.