ಹತ್ತು ಜೆರ್ಸಿ, ಒಂದು ಮುಗಿಯದ ವಾದ: ಕಾಸರಗೋಡಿನ ಅಂಗಡಿಯೊಂದರ ಅನುಭವ

ಕಾಸರಗೋಡಿನ ಹೊಸ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ ಆ ಜೆರ್ಸಿ ಅಂಗಡಿಗೆ ನಾವು ಹೋದದ್ದು ಹತ್ತು ಸೆಟ್ ಅಂಗಿ-ಚಡ್ಡಿ ಮಾಡಿಸಲು. ಬದಿಯಡ್ಕದ ಕಡೆಯ ನಮ್ಮೂರಿನ ಕ್ಲಬ್ಬಿನ ಸೆವೆನ್ಸ್ ತಂಡಕ್ಕೆ ಅಷ್ಟು ಬೇಕು: ಮೈದಾನದೊಳಗೆ ಏಳು ಮಂದಿ, ಹೊರಗೆ ಮೂವರು. ಈ ಸಲದ ಜೆರ್ಸಿ ಜಗತ್ತು ಕಂಡ ಅತಿ ಶ್ರೇಷ್ಠ ರಾಷ್ಟ್ರೀಯ ತಂಡದ್ದಾಗಿರಬೇಕೆಂದು ಕ್ಲಬ್ಬಿನ ಸಭೆಯಲ್ಲಿ ತೀರ್ಮಾನವಾಗಿತ್ತು. ಆ ತಂಡ ಯಾವುದೆಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರಿಂದಾದ ತಪ್ಪೊಂದನ್ನು ಮುಂದೆ ಹೇಳಲಿಕ್ಕಿದೆ, ಅದನ್ನು ಅವರು ತಮ್ಮ ಖರ್ಚಿನಲ್ಲೇ ತಿದ್ದಿಕೊಟ್ಟಿದ್ದಾರೆ.

ಅಂಗಡಿ ಚಿಕ್ಕದು. ಎದುರಿನ ಸರಳಿನಲ್ಲಿ ತೂಗುವ ಅಂಗಿಗಳನ್ನು ಎಣಿಸಿದರೆ ಜಿಲ್ಲೆಯ ಫುಟ್‌ಬಾಲ್ ಜನಗಣತಿಯೇ ಸಿಕ್ಕಿಬಿಡುತ್ತದೆ: ಒಂದು ಸಾಲು ಅರ್ಜೆಂಟೀನಾ, ಇನ್ನೊಂದು ಸಾಲು ಬ್ರೆಜಿಲ್, ಆಮೇಲೆ ಪೋರ್ಚುಗಲ್, ಮೂಲೆಯಲ್ಲಿ ಧೂಳು ಹಿಡಿದ ಎರಡು ಜರ್ಮನಿ. ಒಳಗಡೆ ಒಂದು ಕಂಪ್ಯೂಟರ್, ಉದ್ದನೆಯ ಕಾಗದ ಉಗುಳುವ ಪ್ರಿಂಟರ್, ಅದರಾಚೆ ಹೀಟ್ ಪ್ರೆಸ್. ಮಾಲಕರು ಮಲಯಾಳ, ಕನ್ನಡ, ತುಳು ಮೂರರಲ್ಲೂ ವಾದ ಮಾಡಬಲ್ಲವರು, ಮತ್ತು ಬಟ್ಟೆ ತೋರಿಸುವ ಮೊದಲೇ ವಾದಕ್ಕಿಳಿಯುವವರು.

ನಮ್ಮ ಗೋಲ್‌ಕೀಪರ್ ಅರ್ಜೆಂಟೀನಾದ ಕಟ್ಟಾ ಅಭಿಮಾನಿ. ಅವನು 1986ರ ವಿಶ್ವಕಪ್ ಎಂದು ಬಾಯಿ ತೆರೆದದ್ದೇ ತಡ, ಮಾಲಕರು ಹೀಟ್ ಪ್ರೆಸ್ಸಿನ ಮೇಲೆ ಕೈಯಿಟ್ಟು ಒಂದು ಕಥೆ ಹೇಳಿದರು. ಮೆಕ್ಸಿಕೋದ ಬಿಸಿಲಿನಲ್ಲಿ ಅರ್ಜೆಂಟೀನಾದ ನೀಲಿ ಅಂಗಿ ಬೆವರು ಕುಡಿದು ಭಾರವಾಗುತ್ತಿತ್ತು. ಇಂಗ್ಲೆಂಡ್ ವಿರುದ್ಧದ ಕ್ವಾರ್ಟರ್ ಫೈನಲ್ಲಿಗೆ ಹಗುರವಾದ ಅಂಗಿ ಬೇಕೆಂದು ತರಬೇತುದಾರ ಬಿಲಾರ್ಡೊ ಹಟ ಹಿಡಿದದ್ದರಿಂದ, ಮೆಕ್ಸಿಕೋ ಸಿಟಿಯ ಅಂಗಡಿಯಿಂದ ನೀಲಿ ಅಂಗಿಗಳನ್ನು ಕೊಂಡು ತಂದು, ಲಾಂಛನವನ್ನು ಕೈಯಿಂದ ಹೊಲಿದು, ಅಮೆರಿಕನ್ ಫುಟ್‌ಬಾಲಿನವರು ಬಳಸುವಂಥ ಬೆಳ್ಳಿ ಬಣ್ಣದ ಅಂಕಿಗಳನ್ನು ಇಸ್ತ್ರಿ ಪೆಟ್ಟಿಗೆಯಿಂದ ಅಂಟಿಸಬೇಕಾಯಿತು. ಮರಡೋನಾ ಒಂದು ಗೋಲನ್ನು ಕೈಯಿಂದಲೂ ಇನ್ನೊಂದನ್ನು ಅರ್ಧ ಇಂಗ್ಲೆಂಡ್ ತಂಡವನ್ನು ದಾಟಿಯೂ ಹೊಡೆದದ್ದು ಅದೇ ಅಂಗಿಯಲ್ಲಿ. 2022ರಲ್ಲಿ ಅದು ಹರಾಜಿನಲ್ಲಿ 70 ಲಕ್ಷ ಪೌಂಡಿಗೂ ಮೀರಿದ ಬೆಲೆಗೆ ಹೋಯಿತು. "ನೋಡಿ ಮಾಸ್ಟ್ರೇ, ಅದು ನಮ್ಮಂಥವರು ಮಾಡಿದ ಕೆಲಸ" ಎಂದರು ಮಾಲಕರು. ಕಥೆ ಚೆನ್ನಾಗಿದೆ, ಒಪ್ಪಿದೆ. ಆದರೆ ಒಬ್ಬನನ್ನು ತೆಗೆದರೆ ಉಳಿಯುವುದೇನು ಎಂಬ ಪ್ರಶ್ನೆಗೆ ಗೋಲ್‌ಕೀಪರನ ಬಳಿ ಉತ್ತರವಿರಲಿಲ್ಲ.

ಸ್ಪೇನ್ ಹೆಚ್ಚು ಹೊತ್ತು ನಿಲ್ಲಲಿಲ್ಲ. 2008ರ ಯೂರೋ (ಯುರೋಪಿನ ರಾಷ್ಟ್ರೀಯ ತಂಡಗಳ ಕಪ್), 2010ರ ವಿಶ್ವಕಪ್, 2012ರ ಯೂರೋ ಮೂರನ್ನೂ ಒಂದರ ಹಿಂದೊಂದು ಗೆದ್ದದ್ದು ಸಣ್ಣ ಸಂಗತಿಯಲ್ಲ. ಆದರೂ 2010ರಲ್ಲಿ ಏಳು ಪಂದ್ಯಗಳಿಂದ ಅವರು ಹೊಡೆದದ್ದು ಎಂಟೇ ಗೋಲು ಎಂದ ಕೂಡಲೇ ನಮ್ಮ ಹುಡುಗರು ಮುಖ ಸಿಂಡರಿಸಿದರು. ಸೆವೆನ್ಸ್ ನೋಡಿ ಬೆಳೆದವರಿಗೆ ಎಂಟು ಗೋಲೆಂದರೆ ಒಂದು ಸಂಜೆಯ ಲೆಕ್ಕ.

ನನ್ನ ಆಯ್ಕೆ ಹಂಗರಿ. 1950ರಿಂದ 1954ರವರೆಗೆ, ನಾಲ್ಕು ವರ್ಷಗಳ ಕಾಲ, ಅಧಿಕೃತ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಒಂದನ್ನೂ ಸೋಲದ ತಂಡವದು. ನಡುವೆ 1952ರ ಒಲಿಂಪಿಕ್ ಚಿನ್ನವೂ ಬಂತು. ಬ್ರಿಟಿಷ್ ದ್ವೀಪಗಳ ಹೊರಗಿನ ಯಾರಿಗೂ ತವರಿನಲ್ಲಿ ತಲೆಬಾಗದ ಇಂಗ್ಲೆಂಡನ್ನು 1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ 6-3ರಿಂದ ಸೋಲಿಸಿ, ಆರು ತಿಂಗಳ ಬಳಿಕ ಬುಡಾಪೆಸ್ಟಿನಲ್ಲಿ 7-1ರಿಂದ ಮತ್ತೆ ಸೋಲಿಸಿತು. ಜೆರ್ಸಿ ಅಂಗಡಿಯಲ್ಲಿ ನಿಂತು ಹೇಳಲೇಬೇಕಾದ ವಿಷಯವೆಂದರೆ, ವೆಂಬ್ಲಿಯಲ್ಲಿ ಇಂಗ್ಲೆಂಡ್ ಮೋಸಹೋದದ್ದು ಬೆನ್ನ ಮೇಲಿನ ಒಂದು ಅಂಕಿಯಿಂದ. ಆ ಕಾಲದಲ್ಲಿ 9 ಎಂದರೆ ಎದುರಾಳಿಯ ಗೋಲಿನ ಮುಂದೆ ನಿಲ್ಲುವ ಸೆಂಟರ್ ಫಾರ್ವರ್ಡ್. ಹಂಗರಿಯ 9, ಹಿಡೆಗ್‌ಕುಟಿ, ಮಧ್ಯ ಮೈದಾನಕ್ಕೆ ಹಿಂದೆ ಸರಿದು ಆಡಿದ. ಅವನನ್ನು ಕಾಯಬೇಕಾದ ಡಿಫೆಂಡರ್ ಹಿಂಬಾಲಿಸಿದರೆ ಹಿಂದೆ ಬಾಗಿಲು ತೆರೆಯುತ್ತಿತ್ತು, ನಿಂತಲ್ಲೇ ನಿಂತರೆ ಹಿಡೆಗ್‌ಕುಟಿಯನ್ನು ಕೇಳುವವರಿರಲಿಲ್ಲ. ಅವನು ಮೊದಲ ನಿಮಿಷದಲ್ಲೇ ಗೋಲು ಹೊಡೆದ, ಒಟ್ಟು ಮೂರು ಹೊಡೆದ. ಗೆದ್ದವರು ಹಲವರಿದ್ದಾರೆ, ಅಂಕಿಗಳ ಅರ್ಥವನ್ನೇ ಬದಲಿಸಿದವರು ಕಡಿಮೆ.

ಮಾಲಕರು ಕೇಳಿಸಿಕೊಂಡರು. ಆಮೇಲೆ, "ಕಪ್ ಗೆಲ್ಲದವರ ಅಂಗಿ ಹಾಕಿಕೊಂಡು ನೀವು ಕಪ್ ಗೆಲ್ಲಲಿಕ್ಕೆ ಹೋಗ್ತೀರಾ ಮಾಸ್ಟ್ರೇ?" ಎಂದರು.

1954ರ ವಿಶ್ವಕಪ್ಪಿನ ಐದು ಪಂದ್ಯಗಳಲ್ಲಿ ಹಂಗರಿ 27 ಗೋಲು ಹೊಡೆಯಿತು, ಪಶ್ಚಿಮ ಜರ್ಮನಿಯನ್ನು ಗುಂಪಿನ ಪಂದ್ಯದಲ್ಲಿ 8-3ರಿಂದ ಚಚ್ಚಿತ್ತು, ಬರ್ನ್‌ನ ಫೈನಲ್ಲಿನಲ್ಲಿ ಎಂಟೇ ನಿಮಿಷಗಳಲ್ಲಿ 2-0 ಮುಂದಿತ್ತು ಎಂದೆಲ್ಲ ಹೇಳಿದೆ. ಅದೇ ಜರ್ಮನಿಗೆ 3-2ರಿಂದ ಸೋತದ್ದಕ್ಕೆ ನಾಯಕ ಪುಷ್ಕಾಸನ ಕಾಲುನೋವು, ಮಳೆ, ಕೊನೆಗಳಿಗೆಯಲ್ಲಿ ಆಫ್‌ಸೈಡ್ ಎಂದು ತಳ್ಳಿಹಾಕಿದ ಗೋಲು, ಎಲ್ಲವನ್ನೂ ಮುಂದಿಟ್ಟೆ. ಅವರು ಶಾಂತವಾಗಿ 1970ರ ವಿಶ್ವಕಪ್ ಗೆದ್ದ ಬ್ರೆಜಿಲನ್ನು ತೆಗೆದರು. ಅರ್ಹತಾ ಸುತ್ತಿನ ಆರು ಪಂದ್ಯಗಳಲ್ಲಿ ಆರೂ ಗೆಲುವು, ಮೆಕ್ಸಿಕೋದಲ್ಲಿ ಆರರಲ್ಲಿ ಆರೂ ಗೆಲುವು, 19 ಗೋಲು. ಜೈರ್‌ಜಿನ್ಹೊ ಪ್ರತಿಯೊಂದು ಪಂದ್ಯದಲ್ಲೂ ಗೋಲು ಹೊಡೆದ. ಫೈನಲ್ಲಿನಲ್ಲಿ ಇಟಲಿಗೆ 4-1, ಕೊನೆಯದು ಪೆಲೆ ತಿರುಗಿಯೂ ನೋಡದೆ ಬಲಕ್ಕೆ ಉರುಳಿಸಿಬಿಟ್ಟ ಚೆಂಡನ್ನು ಕಾರ್ಲೋಸ್ ಆಲ್ಬರ್ಟೊ ಓಡಿಬಂದು ಒದ್ದದ್ದು. "ಇದಕ್ಕೆ ಮಳೆಯ ಕಥೆ ಬೇಡ, ಕಾಲುನೋವಿನ ಕಥೆಯೂ ಬೇಡ" ಎಂದರು. ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಈಗಲೂ ಇಲ್ಲ.

ಆ ಹಳದಿ ಅಂಗಿಯ ಬಗ್ಗೆ ಗಡಿನಾಡಿನವರಾದ ನಮಗೆ ಹಿಡಿಸುವ ಇನ್ನೊಂದು ಸಂಗತಿಯನ್ನು ನಾನೇ ಹೇಳಿದೆ. 1950ರ ವಿಶ್ವಕಪ್ಪಿನಲ್ಲಿ ಉರುಗ್ವೆಗೆ ತವರಿನಲ್ಲೇ ಸೋತಾಗ ಬ್ರೆಜಿಲ್ ತೊಟ್ಟದ್ದು ಬಿಳಿ. ಆ ಬಿಳಿ ಬೇಡವೆಂದು ಪತ್ರಿಕೆಯೊಂದು ನಡೆಸಿದ ಸ್ಪರ್ಧೆಯಲ್ಲಿ, ಬಾವುಟದ ನಾಲ್ಕೂ ಬಣ್ಣಗಳನ್ನು ಸೇರಿಸಿ ಹಳದಿ ಅಂಗಿಯ ಚಿತ್ರ ಬರೆದು ಗೆದ್ದವನು ಆಲ್ದಿರ್ ಗಾರ್ಸಿಯಾ ಶ್ಲೀ ಎಂಬ ಯುವಕ. ಅವನು ಉರುಗ್ವೆಯ ಗಡಿಗೆ ತಾಗಿದ ಊರಿನವನು, ಮನಸ್ಸಿನಲ್ಲಿ ಉರುಗ್ವೆ ತಂಡದ ಅಭಿಮಾನಿ. ಗಡಿಯ ಊರುಗಳಲ್ಲಿ ಇಂಥದ್ದು ಆಗುತ್ತದೆ.

ಕೊನೆಗೆ ನಾವು ಹಂಗರಿಯನ್ನೇ ಆರಿಸಿದೆವು. ವಾದದಲ್ಲಿ ಗೆದ್ದಲ್ಲ, ಟೂರ್ನಿಯಲ್ಲಿ ಆಗಲೇ ನಾಲ್ಕು ತಂಡಗಳು ಹಳದಿಯಲ್ಲಿದ್ದವು.

ಇನ್ನು ಕೆಲಸದ ಬಗ್ಗೆ. ಬಟ್ಟೆ ಡಾಟ್ ನಿಟ್ ಪೋಲಿಯೆಸ್ಟರ್, ಪ್ರಿಂಟ್ ಸಬ್ಲಿಮೇಷನ್. ಕಾಗದದಲ್ಲಿ ಅಚ್ಚಾದ ಶಾಯಿ ಪ್ರೆಸ್ಸಿನ ಬಿಸಿಗೆ ಆವಿಯಾಗಿ ನೂಲಿನೊಳಕ್ಕೇ ಇಳಿಯುವುದರಿಂದ ಅದು ಸಿಪ್ಪೆಯೆದ್ದು ಬರುವುದಿಲ್ಲ. ಹತ್ತಿಯ ಬಟ್ಟೆಗೆ ಈ ವಿಧಾನ ಹಿಡಿಯದು, ಕೇಳಿ ಪ್ರಯೋಜನವಿಲ್ಲ. ಸೆಟ್ಟಿಗೆ 380 ರೂಪಾಯಿ, ಅರ್ಧ ಹಣ ಮುಂಗಡ. ಹೆಸರುಗಳು ಕನ್ನಡದಲ್ಲೇ ಇರಲೆಂದು ಕೇಳಿಕೊಂಡಾಗ ಅವರು ಮರುಮಾತಿಲ್ಲದೆ ಒಪ್ಪಿದ್ದು ಸಂತೋಷದ ವಿಷಯ, ಎಡವಿದ್ದೂ ಅಲ್ಲಿಯೇ. ಡಿಸೈನ್ ಮಾಡುವ ಹುಡುಗನಿಗೆ ಕನ್ನಡ ಓದಲು ಬಾರದು. ಅವನ ತಂತ್ರಾಂಶದಲ್ಲಿ ಒತ್ತಕ್ಷರ ಒಡೆದು, 10ರ ಮೇಲಿನ "ಪುಷ್ಕಾಸ್" ಎರಡು ಹೋಳಾಗಿ "ಪುಷ್ ಕಾಸ್" ಎಂದು ಅಚ್ಚಾಗಿ ಬಂತು. ಕಾಸು ಮುಂದೆ ತಳ್ಳಿ ಎಂದು ಆಟಗಾರನೇ ಬೆನ್ನಿನಲ್ಲಿ ಬರೆದುಕೊಂಡಂತಿತ್ತು. ವಾಟ್ಸಾಪಿನಲ್ಲಿ ಕಳುಹಿಸಿದ ಮಾದರಿಯನ್ನು ಹಿಗ್ಗಿಸಿ ನೋಡದೆ ಸರಿಯೆಂದು ಉತ್ತರಿಸಿದ್ದು ನಾನೇ ಆದ್ದರಿಂದ ಅರ್ಧ ತಪ್ಪು ನನ್ನದು. ಆದರೂ ಮಾಲಕರು ಹಣ ಕೇಳದೆ ಮೂರನೆಯ ದಿನಕ್ಕೆ ಇನ್ನೊಂದು ಅಂಗಿ ಮಾಡಿಕೊಟ್ಟರು. ಬಣ್ಣದಲ್ಲಿ ಉಳಿದ ದೂರೂ ಒಂದಿದೆ: ಹಂಗರಿಯ ಗಾಢ ಕೆಂಪು ನಮ್ಮಲ್ಲಿಗೆ ಬರುವಾಗ ಮುರಕಲ್ಲಿನ ಬಣ್ಣವಾಗಿತ್ತು. ಪರದೆಯ ಮೇಲಿನ ಬಣ್ಣವನ್ನು ನಂಬದೆ, ಬಟ್ಟೆಯ ತುಂಡಿನ ಮೇಲೆ ಪ್ರಿಂಟ್ ಹಾಕಿಸಿ ನೋಡಿಯೇ ಒಪ್ಪಿಗೆ ಕೊಡಬೇಕು.

ಹದಿನೈದಕ್ಕೂ ಮಿಕ್ಕಿ ಒಗೆತ ಕಂಡ ಮೇಲೂ ಪ್ರಿಂಟ್ ಮಾಸಿಲ್ಲ, ಕಂಕುಳಿನ ಹೊಲಿಗೆ ಬಿಟ್ಟಿಲ್ಲ. ಐದರಲ್ಲಿ ನಾಲ್ಕು ಕೊಡಬಹುದು. ಆರ್ಡರ್ ಕೊಡುವವರು ಹತ್ತು ದಿನ ಮೊದಲೇ ಹೋಗಬೇಕು, ಅದರಲ್ಲಿ ಒಂದು ಮಧ್ಯಾಹ್ನವನ್ನು ವಾದಕ್ಕೆಂದೇ ಎತ್ತಿಡಬೇಕು. "ಪುಷ್ ಕಾಸ್" ಅಂಗಿಯನ್ನು ಮಾಲಕರು ಹಣ ಎಣಿಸುವ ಮೇಜಿನ ಹಿಂದೆ ನೇತುಹಾಕಿದ್ದಾರೆ. ಸಾಲ ಕೇಳುವವರು ಕಡಿಮೆಯಾಗಿದ್ದಾರಂತೆ.