ಬಟವಾಡಿ ಕಡೆ 60 ರೂಪಾಯಿಗೆ ಹೊಟ್ಟೆ ತುಂಬಾ ಹಿಟ್ಟು-ಸಾರು

ನಾನು ವಾಟರ್ ಫಿಲ್ಟರ್ ರಿಪೇರಿ ಮಾಡುವವನು. ತುಮಕೂರಿಗೆ ಬಂದು ಆರು ವರ್ಷ ಆಯಿತು. ಬೆಳಿಗ್ಗೆ ಬೈಕ್ ಹತ್ತಿದರೆ ಬಟವಾಡಿ, ಎಸ್‌ಐಟಿ ಬಡಾವಣೆ, ಕ್ಯಾತ್ಸಂದ್ರ, ಮರಳೂರು, ಉಪ್ಪಾರಹಳ್ಳಿ ಅಂತ ಸುತ್ತಿ ರೂಮಿಗೆ ವಾಪಸ್ ಬರುವಷ್ಟರಲ್ಲಿ ರಾತ್ರಿ ಎಂಟಾಗುತ್ತದೆ. ಹೆಂಡತಿ, ಮಗಳು ಪಾವಗಡ ಕಡೆ ಊರಲ್ಲಿದ್ದಾರೆ. ಹಾಗಾಗಿ ವಾರಕ್ಕೆ ಆರು ದಿನ ಮೂರು ಹೊತ್ತೂ ನನಗೆ ಹೊರಗಡೆಯೇ ಊಟ. ದಿನಕ್ಕೆ 150 ರೂಪಾಯಿ ದಾಟಬಾರದು ಅಂತ ಲೆಕ್ಕ ಇಟ್ಟುಕೊಂಡಿದ್ದೇನೆ. ತಿಂಗಳಿಗೆ 26 ದಿನ ಅಂದರೆ 3,900. ಅದಕ್ಕಿಂತ ಜಾಸ್ತಿ ಆದರೆ ಊರಿಗೆ ಕಳಿಸುವ ದುಡ್ಡಿಗೇ ಕೈ ಹಾಕಬೇಕು.

ಹೊಸದಾಗಿ ಈ ಕಡೆ ಕೆಲಸಕ್ಕೆ ಬರುವ ಹುಡುಗರು, ಮಕ್ಕಳನ್ನು ಕಾಲೇಜಿಗೆ ಸೇರಿಸಲು ಬರುವ ಅಪ್ಪ-ಅಮ್ಮಂದಿರು ನನ್ನನ್ನು ಕೇಳುತ್ತಿರುತ್ತಾರೆ: ಅಣ್ಣ, ಇಲ್ಲಿ ಊಟ ಎಲ್ಲಿ ಚೆನ್ನಾಗಿದೆ, ಜೇಬಿಗೆ ಭಾರ ಆಗದ ಹಾಗೆ? ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇಷ್ಟು ವರ್ಷ ಹೊರಗೆ ತಿಂದು ನನಗೆ ಒಂದು ಅಂದಾಜು ಸಿಕ್ಕಿದೆ. ಕಡಿಮೆ ಬೆಲೆಗೆ ಊಟ ಕೊಡುವ ಜಾಗಕ್ಕೆ ಹೋದಾಗ, ಇವರಿಗೆ ಇಷ್ಟಕ್ಕೆ ಹೇಗೆ ಗಿಟ್ಟುತ್ತದೆ ಅಂತ ಮೊದಲು ನೋಡಿ. ಕಾರಣ ಕಣ್ಣಿಗೆ ಕಂಡರೆ ಧೈರ್ಯವಾಗಿ ಕೂತುಕೊಳ್ಳಿ. ಕಾಣದಿದ್ದರೆ ಎದ್ದು ಬನ್ನಿ. ಎರಡು ವರ್ಷದ ಹಿಂದೆ ರಿಂಗ್ ರೋಡಿನಲ್ಲಿ ಒಂದು ಗಾಡಿಯ ಹತ್ತಿರ 40 ರೂಪಾಯಿಗೆ ತಟ್ಟೆ ತುಂಬಾ ಚಿಕನ್ ರೈಸ್ ತಿಂದೆ. ಆ ವಾರ ಕೋಳಿ ಕೆಜಿಗೆ 240 ಇತ್ತು. ಅಷ್ಟು ಚಿಕನ್ ಹಾಕಿ 40ಕ್ಕೆ ಹೇಗೆ ಕೊಡುತ್ತಾರೆ ಅಂತ ನಾನು ಯೋಚಿಸಬೇಕಿತ್ತು. ರಾತ್ರಿಯೆಲ್ಲಾ ವಾಂತಿ. ಎರಡು ದಿನ ಕೆಲಸ ಹೋಯಿತು, ಗ್ಲೂಕೋಸ್ ಹಾಕಿಸಿದ್ದಕ್ಕೆ 900 ರೂಪಾಯಿ ಹೋಯಿತು.

ಈಗ ನನ್ನ ಜಾಗಕ್ಕೆ ಬರುತ್ತೇನೆ. ಬಟವಾಡಿ ಎಪಿಎಂಸಿ ಯಾರ್ಡ್ ಕಡೆಯ ಒಳರಸ್ತೆಯಲ್ಲಿ, ಬೋರ್ಡೇ ಇಲ್ಲದ ಒಂದು ಮೆಸ್. ಗಂಡ, ಹೆಂಡತಿ, ಗಂಡನ ತಾಯಿ, ಮೂರೇ ಜನ ನಡೆಸುತ್ತಾರೆ. ಮನೆಯ ಮುಂದಿನ ಎರಡು ರೂಮೇ ಹೋಟೆಲ್. ನಾಲ್ಕು ಕಲ್ಲಿನ ಟೇಬಲ್, ಗೋಡೆಗೆ ಮುಖ ಮಾಡಿ ಒಂದು ಉದ್ದನೆ ಬೆಂಚು. ಯಾರ್ಡಿನ ಹಮಾಲಿಗಳು, ಲಾರಿ ಡ್ರೈವರ್‌ಗಳು, ಟೈಲ್ಸ್ ಹಾಕುವವರು, ಬ್ಯಾಂಕಿನ ಒಂದಿಬ್ಬರು, ಎಲ್ಲರೂ ಅಲ್ಲೇ. ಹುಣಸೆಹಣ್ಣಿನ ಕಾಲ ಬಂದರೆ ಯಾರ್ಡಿಗೆ ಗಾಡಿಗಳು ಜಾಸ್ತಿ ಬರುತ್ತವೆ, ಆಗ ಒಂದು ಗಂಟೆಗೆ ಹೋದರೆ ನಿಂತು ಕಾಯಬೇಕು.

ಊಟ 60 ರೂಪಾಯಿ. ಎರಡು ಮುದ್ದೆ, ಸಾರು, ಪಲ್ಯ, ಒಂದು ಸೌಟು ಅನ್ನ, ಮಜ್ಜಿಗೆ, ಈರುಳ್ಳಿ. ಸಾರು ಎಷ್ಟು ಸಲ ಬೇಕಾದರೂ ಕೇಳಬಹುದು. ಮೂರನೇ ಮುದ್ದೆ ಬೇಕಾದರೆ 10 ರೂಪಾಯಿ.

ನಾನು ಅಲ್ಲಿಗೆ ಮೊದಲು ಹೋಗಿದ್ದು ಊಟಕ್ಕಲ್ಲ. ಮಹಡಿ ಮೇಲಿನ ಮನೆಯ ಫಿಲ್ಟರ್ ಕೆಟ್ಟಿತ್ತು. ಕೆಲಸ ಮುಗಿಸಿ ಹಿಂದಿನ ಮೆಟ್ಟಿಲಿಂದ ಇಳಿಯುವಾಗ ಇವರ ಅಡುಗೆಮನೆ ಕಂಡಿತು. ನನ್ನ ಕೆಲಸದಲ್ಲಿ ಇದೊಂದು ಅನುಕೂಲ. ಹೋಟೆಲ್‌ಗಳನ್ನು ಹಿಂದಿನ ಬಾಗಿಲಿಂದ ನೋಡಲು ಸಿಗುತ್ತದೆ. ಮುಂದೆ ಗ್ರಾನೈಟ್ ಹಾಕಿ ಹಿಂದೆ ಪಾತ್ರೆ ಮೋರಿ ಪಕ್ಕ ತೊಳೆಯುವ ಜಾಗಗಳನ್ನು ನೋಡಿ ನೋಡಿ, ನನಗೆ ಮುಂದಿನ ಬಾಗಿಲ ಮೇಲೆ ನಂಬಿಕೆಯೇ ಹೋಗಿದೆ.

ಇಲ್ಲಿ ಆವತ್ತು ಅಜ್ಜಿ ಹಿಟ್ಟು ತೊಳಸುತ್ತಿದ್ದರು. ಸೌದೆ ಒಲೆ. ಕುದಿಯುವ ಎಸರಿಗೆ ಮೊದಲು ಒಂದು ಹಿಡಿ ಹಿಟ್ಟನ್ನು ನೀರಲ್ಲಿ ಕದಡಿ ಹುಯ್ದರು. ಅದು ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವಿಗೆ ಗುಡ್ಡೆ ಹಾಗೆ ಸುರಿದು, ಮಧ್ಯಕ್ಕೆ ಕೋಲು ನೆಟ್ಟು ಸುಮ್ಮನೆ ಬಿಟ್ಟರು. ಕೋಲಿನ ಸುತ್ತ ನೀರು ಗುಳುಗುಳು ಅಂತ ಏಳುತ್ತಿತ್ತು. ನಿಜವಾಗಿ ಹಿಟ್ಟು ಬೇಯುವುದು ಈ ಹೊತ್ತಿನಲ್ಲೇ. ಅವಸರದ ಹೋಟೆಲ್‌ಗಳು ಈ ಹತ್ತು ನಿಮಿಷವನ್ನೇ ಉಳಿಸಲು ನೋಡುತ್ತವೆ. ಆಮೇಲೆ ಪಾತ್ರೆ ಇಳಿಸಿ, ಕವೆಗೋಲಿನಲ್ಲಿ ಅದುಮಿ ಹಿಡಿದು, ಎರಡೂ ಕೈಯಲ್ಲಿ ತೊಳಸಿದರು. ವಯಸ್ಸು ಎಪ್ಪತ್ತರ ಹತ್ತಿರ ಇರಬೇಕು, ಭುಜ ನೋಡಿದರೆ ಹಾಗನ್ನಿಸುವುದಿಲ್ಲ. ಮಣೆ ಮೇಲೆ ನೀರು ಸವರಿ ಕಟ್ಟಿದ ಮುದ್ದೆ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಮುರಿದರೆ ಒಳಗೆ ಒಂದು ಗಂಟಿಲ್ಲ, ಬಿಳಿ ಹಿಟ್ಟಿನ ಚುಕ್ಕೆ ಇಲ್ಲ.

ನಾನು ಬಾಗಿಲಲ್ಲೇ ನಿಂತಿದ್ದು ನೋಡಿ ಅಜ್ಜಿ, "ಉಂಡ್ಕೊಂಡು ಹೋಗಪ್ಪ, ಬಿಸಿ ಐತೆ" ಅಂದರು. ಆವತ್ತಿಂದ ನಾಲ್ಕು ವರ್ಷ ಆಯಿತು.

60 ರೂಪಾಯಿಗೆ ಇವರಿಗೆ ಹೇಗೆ ಗಿಟ್ಟುತ್ತದೆ? ಬಸ್ಸಾರು ನೋಡಿ, ಗೊತ್ತಾಗುತ್ತದೆ. ಕಾಳು, ಸೊಪ್ಪು ಒಂದೇ ಪಾತ್ರೆಯಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ಕಟ್ಟು ಬಸಿದು, ಆ ನೀರಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಕಾಯಿ, ಹುಣಸೆಹಣ್ಣು ರುಬ್ಬಿ ಹಾಕಿದರೆ ಸಾರು. ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆ, ಒಂದೇ ಉರಿ, ಎರಡು ಅಡುಗೆ. ಚೆಲ್ಲುವ ಮಾತೇ ಇಲ್ಲ. ಸೊಪ್ಪು ಅಂತರಸನಹಳ್ಳಿ ಮಾರ್ಕೆಟ್ಟಿಂದ ಬೆಳಗಿನ ಜಾವ ಗಂಡನೇ ಹೋಗಿ ತರುತ್ತಾರೆ. ಮುದ್ದೆ, ಅನ್ನ ಸೌದೆ ಒಲೆ ಮೇಲೆ. 19 ಕೆಜಿ ಕಮರ್ಷಿಯಲ್ ಸಿಲಿಂಡರ್ ಇದೆ, ಆದರೆ ಅದು ಒಗ್ಗರಣೆಗೆ, ಟೀಗೆ ಮಾತ್ರ. ಫ್ರಿಜ್ ಇಲ್ಲ. ಮೆನು ಇಲ್ಲ. ಆವತ್ತಿಗೆ ಏನು ಮಾಡಿದ್ದಾರೋ ಅದೇ. ಎರಡೂವರೆಗೆ ಎಲ್ಲಾ ಖಾಲಿ, ಬಾಗಿಲು ಹಾಕುತ್ತಾರೆ. ನಾಳೆಗೆ ಏನೂ ಉಳಿಯುವುದಿಲ್ಲ. ಬೆಲೆ ಕಡಿಮೆ ಇರಲು ಇದಕ್ಕಿಂತ ಒಳ್ಳೆ ಕಾರಣ ಬೇಕಾ?

ಸೋಮವಾರ ಸಾಮಾನ್ಯವಾಗಿ ಮಸೊಪ್ಪು. ಮಂಗಳವಾರ, ಗುರುವಾರ ಬಸ್ಸಾರು. ಬುಧವಾರ ಕೋಳಿ ಸಾರು ಇರುತ್ತದೆ, ಆಗ ಊಟ 100 ರೂಪಾಯಿ. ತುಂಡು ಮೂರು ಬರುತ್ತದೆ, ಅಷ್ಟೇ. ಹೇಳಿ ಕೊಡುತ್ತಾರೆ, ಆಸೆ ತೋರಿಸಿ ಮೋಸ ಮಾಡುವುದಿಲ್ಲ. ಗುರುವಾರದ ಹುರುಳಿಕಾಳು ಬಸ್ಸಾರನ್ನು ನಾನು ಈ ಊರಲ್ಲಿ ಬೇರೆ ಯಾವ ಸಾರಿಗೂ ಬಿಟ್ಟುಕೊಡಲ್ಲ. ಮೊದಲ ತುತ್ತಿಗೆ ಹುಳಿ ಗೊತ್ತಾಗುತ್ತದೆ, ಆಮೇಲೆ ಸುಟ್ಟ ಈರುಳ್ಳಿ ವಾಸನೆ, ಕೊನೆಗೆ ಗಂಟಲಲ್ಲಿ ಮೆಣಸು. ಚಳಿಗಾಲದಲ್ಲಿ ಮೂಗು, ಕಣ್ಣು ಎರಡರಲ್ಲೂ ನೀರು ಬರುತ್ತದೆ.

ಇನ್ನು ನೀರು. ಇದನ್ನು ನಾನು ಬಿಡಲ್ಲ. ನಮ್ಮ ಪಾವಗಡದ ಕಡೆ ಬೋರ್ ನೀರಿನ ಫ್ಲೋರೈಡ್‌ಗೆ ಹಲ್ಲು ಕಂದು ಬಣ್ಣಕ್ಕೆ ತಿರುಗಿದವರು, ಮಂಡಿ ಮಡಿಸಲು ಆಗದವರು ಮನೆಗೊಬ್ಬರು ಸಿಗುತ್ತಾರೆ. ನಮ್ಮ ದೊಡ್ಡಪ್ಪ ಐವತ್ತಕ್ಕೇ ಕೋಲು ಹಿಡಿದರು. ಹಾಗಾಗಿ ಎಲ್ಲಿ ಕೂತರೂ ನಾನು ಮೊದಲು ಲೋಟ ನೋಡುತ್ತೇನೆ. ತುಮಕೂರಿಗೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತದೆ, ನಿಜ. ಆದರೆ ನಲ್ಲಿ ನೀರು ದಿನಾ ಬರದ ಬಡಾವಣೆಗಳಲ್ಲಿ ಹೋಟೆಲ್‌ಗಳು ಬೋರ್ ನೀರನ್ನೇ ಜಗ್‌ಗೆ ತುಂಬಿಸುತ್ತವೆ. ನನ್ನ ಮೀಟರ್‌ನಲ್ಲಿ ಈ ಸುತ್ತಮುತ್ತ ಬೋರ್ ನೀರಿನ ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಉಪ್ಪಿನಂಶ, 1,100 ದಾಟಿದ್ದನ್ನು ನೋಡಿದ್ದೇನೆ. ಕುಡಿಯುವ ನೀರಿಗೆ ಸರ್ಕಾರದ ಮಾನದಂಡ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ ಒಪ್ಪುತ್ತಾರೆ.

ಈ ಮೆಸ್‌ನಲ್ಲಿ ಬೋರ್ ನೀರು ಪಾತ್ರೆ ತೊಳೆಯಲು ಮಾತ್ರ. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಾರೆ. 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್. ದಿನಕ್ಕೆ ಎಂಟು ಕ್ಯಾನ್. ನಾನು ಮೀಟರ್ ಇಟ್ಟು ನೋಡಿದೆ, 84 ತೋರಿಸಿತು. ಒಂದು ಮಾತು ಇಲ್ಲಿ ಹೇಳಲೇಬೇಕು. ಟಿಡಿಎಸ್ ಮೀಟರ್ ನೀರಲ್ಲಿ ಎಷ್ಟು ಉಪ್ಪಿನಂಶ ಕರಗಿದೆ ಅಂತ ಹೇಳುತ್ತದೆ, ಕ್ರಿಮಿ ಇದೆಯೋ ಇಲ್ಲವೋ ಹೇಳುವುದಿಲ್ಲ. ಫ್ಲೋರೈಡ್ ಎಷ್ಟಿದೆ ಅಂತಲೂ ಬೇರೆ ಟೆಸ್ಟ್ ಮಾಡಬೇಕು. ಅದಕ್ಕೇ ಡ್ರಮ್ಮಿನ ಒಳಗೆ ಬೆರಳು ಆಡಿಸಿ ನೋಡಿದೆ. ಜಾರಲಿಲ್ಲ. ಪಾಚಿ ಕಟ್ಟಿದ್ದರೆ ಜಾರುತ್ತದೆ. ಡ್ರಮ್ಮಿಗೆ ನಲ್ಲಿ ಇದೆ, ಯಾರೂ ಲೋಟ ಅದ್ದುವ ಹಾಗಿಲ್ಲ. ಗಣಪತಿ ಫೋಟೋ ಪಕ್ಕದಲ್ಲಿ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಸರ್ಟಿಫಿಕೇಟ್ ಕೂಡ ಫ್ರೇಮ್ ಹಾಕಿಸಿ ಇಟ್ಟಿದ್ದಾರೆ, 14 ಅಂಕಿಯ ನಂಬರ್ ಇರುವುದು. ಇಷ್ಟು ಸಣ್ಣ ಜಾಗದಲ್ಲಿ ಅದನ್ನು ನೋಡಿ ನನಗೆ ಖುಷಿ ಆಯಿತು.

ಇದಕ್ಕೆ ಹೋಲಿಸಿದರೆ, ಬಿ.ಎಚ್. ರೋಡಿನ ಒಂದು ದೊಡ್ಡ ಹೋಟೆಲಿನಲ್ಲಿ ಊಟಕ್ಕೆ 130 ಕೊಟ್ಟು ಕೂತು ನೀರು ಕೇಳಿದಾಗ, "ಬಾಟಲ್ ಮಾತ್ರ ಸಾರ್" ಅಂದರು. ಊಟಕ್ಕೆ ಕೂತವರಿಗೆ ಒಂದು ಲೋಟ ಒಳ್ಳೆ ನೀರು ಕೊಡಲು ಆಗದಿದ್ದರೆ ಅದೆಂಥ ಹೋಟೆಲ್ ಹೇಳಿ? ಆವತ್ತು ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಿಲ್ಲ.

ಮೆಸ್‌ನಲ್ಲಿ ಕೊರತೆಗಳೂ ಇವೆ. ಅನ್ನ ಮುದ್ದೆಯಷ್ಟು ಚೆನ್ನಾಗಿರಲ್ಲ, ಸ್ವಲ್ಪ ಜಾಸ್ತಿ ಬೆಂದಿರುತ್ತದೆ. ಏಪ್ರಿಲ್-ಮೇನಲ್ಲಿ ಒಳಗೆ ಕೂರಲು ಆಗುವುದಿಲ್ಲ, ಒಂದೇ ಫ್ಯಾನ್. ಹೆಂಗಸರು ಬಂದರೆ ಕೂರಲು ಸರಿಯಾದ ಜಾಗ ಇಲ್ಲ, ಗಂಡಸರ ಮಧ್ಯೆ ಅದೇ ಬೆಂಚಿನಲ್ಲಿ ಇರುಕಿಕೊಂಡು ಕೂರಬೇಕು. ದಸರಾ ರಜೆಯಲ್ಲಿ ನನ್ನ ಹೆಂಡತಿ, ಮಗಳು ಬಂದಾಗ ಅಜ್ಜಿ ಅವರನ್ನು ಒಳಮನೆಗೆ ಕರೆದು ಕೂರಿಸಿದರು, ಮಗಳಿಗೆ ನಿಂಬೆಹಣ್ಣಿನ ಗಾತ್ರದ ಮುದ್ದೆ ಕಟ್ಟಿಕೊಟ್ಟರು. ಆದರೆ ದಿನಾ ಒಬ್ಬಳೇ ಬರುವ ಹೆಣ್ಣುಮಗಳಿಗೆ ಹೀಗೆ ಆಗುತ್ತದಾ? ಪಕ್ಕದ ರೂಮಿನಲ್ಲಿ ಒಂದು ಟೇಬಲ್ ಹೆಂಗಸರಿಗೆ ಅಂತ ಬಿಡಿ ಅಂತ ಎರಡು ಸಲ ಹೇಳಿದ್ದೇನೆ. ಮೆಸ್ ನಡೆಸುವ ಅಕ್ಕ "ಮಾಡೋಣ ಇರಿ" ಅಂದಿದ್ದಾರೆ. ಆದಷ್ಟು ಬೇಗ ಮಾಡಲಿ.

ಬೆಳಗಿನ ತಿಂಡಿಗೆ ನಾನು ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೇ ಹೋಗುತ್ತೇನೆ. ಹೆದ್ದಾರಿಯಲ್ಲಿ ಬರುವವರು ಹುಡುಕಿಕೊಂಡು ನಿಲ್ಲಿಸುವ ಇಡ್ಲಿ ನಮಗೆ ಎರಡು ಕಿಲೋಮೀಟರ್ ಒಳಗೇ ಸಿಗುತ್ತದೆ ಅಂದ ಮೇಲೆ ಬೇರೆ ಯಾಕೆ? ನಾನು ಹೋಗುವ ಸಣ್ಣ ಹೋಟೆಲಿನಲ್ಲಿ ಒಂದಕ್ಕೆ 20. ಎರಡು ಇಡ್ಲಿ, ಒಂದು ಟೀ, 50 ರೂಪಾಯಿಗೆ ಮಧ್ಯಾಹ್ನದವರೆಗೆ ಹಸಿವಿಲ್ಲ. ಅಲ್ಲೂ ಅಗ್ಗಕ್ಕೆ ಕಾರಣ ಕಾಣುತ್ತದೆ. ಒಂದೇ ಐಟಂ, ಒಂದರ ಮೇಲೊಂದು ತಟ್ಟೆ ಜೋಡಿಸಿದ ಹಬೆ ಪಾತ್ರೆ, ಇಳಿಸಿದ ಐದು ನಿಮಿಷದಲ್ಲಿ ಖಾಲಿ. ಭಾನುವಾರ ಮಾತ್ರ ಹೋಗಬೇಡಿ. ಬೆಂಗಳೂರಿನ ಕಾರುಗಳು, ಸಿದ್ಧಗಂಗಾ ಮಠಕ್ಕೆ, ದೇವರಾಯನದುರ್ಗಕ್ಕೆ ಹೋಗುವವರು ಎಲ್ಲಾ ಸೇರಿ ಬೈಕ್ ನಿಲ್ಲಿಸಲೂ ಜಾಗ ಇರಲ್ಲ.

ರಾತ್ರಿಗೆ ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ ಹುಡುಗರಿಗೆ ಅಂತಲೇ ಇರುವ ಚಪಾತಿ ಮೆಸ್‌ಗಳು ಸಾಕು. ಮೂರು ಚಪಾತಿ, ಪಲ್ಯ 40. ರುಚಿ ಸುಮಾರು, ಹೊಟ್ಟೆ ಕೆಡಲ್ಲ. ಅಲ್ಲಿಗೆ ದಿನದ ಲೆಕ್ಕ 150ಕ್ಕೆ ಸರಿ ಹೋಗುತ್ತದೆ.

ಕೈಯಲ್ಲಿ ಅಷ್ಟೂ ಇಲ್ಲದವರಿಗೆ ಇನ್ನೆರಡು ದಾರಿ ಇವೆ. ಇಂದಿರಾ ಕ್ಯಾಂಟೀನ್‌ನಲ್ಲಿ ತಿಂಡಿ 5 ರೂಪಾಯಿ, ಊಟ 10. ಪೇಟೆ ಕಡೆ ಕೆಲಸ ಇದ್ದ ದಿನ ನಾನೂ ತಿಂದಿದ್ದೇನೆ. ಇನ್ನೊಂದು ಸಿದ್ಧಗಂಗಾ ಮಠ. ಸಾವಿರಾರು ಮಕ್ಕಳು ಓದಿಕೊಂಡು ಉಣ್ಣುವ ಆ ದಾಸೋಹದಲ್ಲಿ ಹೊರಗಿನಿಂದ ಬಂದವರಿಗೂ ಊಟ ಉಂಟು, ಯಾರು ಏನು ಅಂತ ಕೇಳುವುದಿಲ್ಲ. ನಾನು ಈ ಊರಿಗೆ ಬಂದ ಮೊದಲ ತಿಂಗಳು ಸಂಬಳ ಕೈಗೆ ಬರುವವರೆಗೆ ಹನ್ನೊಂದು ದಿನ ಅಲ್ಲೇ ಉಂಡಿದ್ದು. ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾಗಿದ್ದು 2019ರ ಜನವರಿ 21ಕ್ಕೆ. ನಾನು ಬರುವಷ್ಟರಲ್ಲಿ ಅವರು ಇರಲಿಲ್ಲ, ಅವರು ನಡೆಸಿಕೊಂಡು ಬಂದ ಊಟ ಇತ್ತು. ಈಗಲೂ ಆ ಕಡೆ ಕೆಲಸ ಬಿದ್ದರೆ ಒಂದು ಚೀಲ ಅಕ್ಕಿ ಹಾಕಿ ಬರುತ್ತೇನೆ.

ಮತ್ತೆ ಮೆಸ್ ವಿಷಯಕ್ಕೆ. ಹೋಗುವುದಾದರೆ ಹನ್ನೆರಡೂವರೆಗೆ ಹೋಗಿ. ಒಂದೂವರೆ ಮೇಲೆ ಪಲ್ಯ ಇರಲ್ಲ. ಫೋನ್‌ಪೇ ನಡೆಯುತ್ತದೆ, ಭಾನುವಾರ ರಜೆ. ಡಿಸೆಂಬರ್ ಕೊನೆಯಿಂದ ಸಂಕ್ರಾಂತಿವರೆಗೆ ಹಿತಕಿದ ಬೇಳೆ ಸಾರು ಮಾಡುತ್ತಾರೆ, ಊಟಕ್ಕೆ 10 ರೂಪಾಯಿ ಜಾಸ್ತಿ. ಹಿಂದಿನ ರಾತ್ರಿ ಅಜ್ಜಿ, ಅಕ್ಕ, ಪಕ್ಕದ ಮನೆಯ ಇಬ್ಬರು ಕೂತು ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿತಕುತ್ತಾರೆ, ಹನ್ನೊಂದು ಗಂಟೆವರೆಗೆ. ಆ 10 ರೂಪಾಯಿ ಕೊಡುವಾಗ ಚೌಕಾಸಿ ಮಾಡಬೇಡಿ.