ಹಳೇ ಮಿಲಿಟರಿ ರೈಫಲ್ ತಗೊಳ್ಳೋರು ದಯವಿಟ್ಟು ಓದಿ: ಡಿಪಿ ರೈಫಲ್ಲಿನ ಗುರುತು ಅಳಿಸಿ ಮಾರ್ತಿದ್ದಾರೆ

ಅಮೆರಿಕದಲ್ಲಿರೋ ನಮ್ಮ ಕನ್ನಡದವರಲ್ಲಿ ಶೂಟಿಂಗ್ ರೇಂಜಿಗೆ ಹೋಗೋ ಹವ್ಯಾಸ ಇರೋರಿಗೆ ಇದನ್ನ ಬರೀತಿದೀನಿ. ನೂರು ಗಜದ ಟಾರ್ಗೆಟ್‌ಗೆ ಹೊಡೆಯೋಕೆ ಕಡಿಮೆ ದುಡ್ಡಲ್ಲಿ ಮಿಲಿಟರಿ ಸರ್ಪ್ಲಸ್ ರೈಫಲ್, ಅಂದ್ರೆ ಸೈನ್ಯದವರು ಬೇಡ ಅಂತ ಮಾರಿದ ಹಳೇ ರೈಫಲ್ ಹುಡುಕ್ತಿದ್ದೀರಾ? ಅದರಲ್ಲೂ ಇಶಾಪುರದ ತ್ರೀ ನಾಟ್ ತ್ರೀ ಮೇಲೆ ಕಣ್ಣು ಬಿದ್ದಿದೆಯಾ? ದುಡ್ಡು ಕಳಿಸೋ ಮುಂಚೆ ಪೂರ್ತಿ ಓದಿ. ಡಿಪಿ ಅಂತ ಗುರುತು ಹಾಕಿ ಬರೀ ಪರೇಡ್‌ಗೆ ಅಂತ ಪಕ್ಕಕ್ಕಿಟ್ಟ ರೈಫಲ್ಲನ್ನ ಗುರುತು ಉಜ್ಜಿ, ಬಣ್ಣ ಹೊಡೆದು, ಗ್ರೀಸ್ ಮೆತ್ತಿ, "ಹೊಡೆಯೋಕೆ ರೆಡಿ" ಅಂತ ನಂಗೆ ಮಾರಿದ್ದಾರೆ. ದುಡ್ಡು ಹೋಗಿದ್ದು ಒಂದು ಕಡೆ ಇರಲಿ, ಅದು ನನ್ನ ಮುಖದ ಹತ್ತಿರ ಸಿಡಿಯೋದಿತ್ತು.

ಸರ್ಪ್ಲಸ್ ಅಂದ್ರೆ ಅಗ್ಗ ಅನ್ನೋ ಕಾಲ ಮುಗೀತು ಅಂತ ನಿಮಗೂ ಗೊತ್ತು. ರಷ್ಯಾದ ಮೋಸಿನ್ ನಗಾಂಟ್ ಒಂದು ಕಾಲಕ್ಕೆ ನೂರು ಡಾಲರ್ ಒಳಗೇ ಸಿಗ್ತಿತ್ತು, ಪೆಟ್ಟಿಗೆಯಿಂದ ಎತ್ತಿ ಎತ್ತಿ ಕೊಡ್ತಿದ್ರು. ಈಗ ಅದೇ ಮೋಸಿನ್‌ಗೆ ಅದರ ಹಲವು ಪಟ್ಟು ಕೇಳ್ತಾರೆ. ಸ್ವಿಸ್ ಕೆ31 ಚೆನ್ನಾಗಿದೆ, ಗುರಿ ತಪ್ಪಲ್ಲ, ಆದ್ರೆ ರೇಟೂ ಏರಿದೆ, ಅದರ 7.5 ಎಂಎಂ ಗುಂಡು ಎಲ್ಲ ಅಂಗಡೀಲೂ ಸಿಗಲ್ಲ. ಎಂ1 ಗರಾಂಡ್ ನನ್ನ ಬಜೆಟ್ ಮೀರಿತ್ತು. ಉಳಿದಿದ್ದು ಲೀ ಎನ್‌ಫೀಲ್ಡ್, ಅಂದ್ರೆ ನಮ್ಮ ತ್ರೀ ನಾಟ್ ತ್ರೀ. ಬೋಲ್ಟ್ (ಗುಂಡನ್ನ ಒಳಗೆ ತಳ್ಳಿ ಹಿಂದಿನಿಂದ ಮುಚ್ಚೋ ಭಾಗ) ಬೆಣ್ಣೆ ಥರ ಓಡುತ್ತೆ, ಮ್ಯಾಗಝೀನ್‌ಗೆ ಹತ್ತು ಗುಂಡು. ಗುಂಡಿಗೆ ಒಂದು ಡಾಲರ್ ಮೇಲೇ ಆಗುತ್ತೆ, ಆದ್ರೆ ತಿಂಗಳಿಗೊಂದು ಡಬ್ಬಿ ಹೊಡೆಯೋರಿಗೆ ಅದು ಭಾರ ಅಲ್ಲ.

ಮತ್ತೆ ಇನ್ನೊಂದು ವಿಷಯ. ಕಾಲೇಜಿನ ಎನ್‌ಸಿಸಿಯಲ್ಲಿ ಭುಜದ ಮೇಲೆ ಹೊತ್ತಿದ್ದು ಇದನ್ನೇ. ಬೆಳಗಿನ ಜಾವ ಗ್ರೌಂಡಲ್ಲಿ ನಿಂತು ಸಲಾಮಿ ಶಸ್ತ್ರ ಮಾಡಿದ್ದು ಇದರಲ್ಲೇ. ಊರಲ್ಲಿ ಸಾಮಾನ್ಯ ಜನ ತ್ರೀ ನಾಟ್ ತ್ರೀ ಇಟ್ಕೊಳ್ಳೋ ಹಾಗಿಲ್ಲ, ಆ ಅಳತೆಯ ಗುಂಡಿನ ಗನ್ ಅಲ್ಲಿ ನಿಷೇಧ. ಇಲ್ಲಿ ಗ್ರೀನ್ ಕಾರ್ಡ್ ಇದ್ದೋರು ಫಾರ್ಮ್ ತುಂಬಿ, ಬ್ಯಾಕ್‌ಗ್ರೌಂಡ್ ಚೆಕ್ ಪಾಸಾಗಿ ತಗೋಬಹುದು. ಹೀಗಿರುವಾಗ ಮಾರೋರೊಬ್ಬರ ಜಾಹೀರಾತು ಕಣ್ಣಿಗೆ ಬಿತ್ತು. ಅದರ ಫೋಟೋದಲ್ಲಿ ಅಶೋಕ ಸಿಂಹದ ಮುದ್ರೆ, ಅದರ ಕೆಳಗೆ ಆರ್‌ಎಫ್‌ಐ ಅಂತ. ರೈಫಲ್ ಫ್ಯಾಕ್ಟರಿ ಇಶಾಪುರ. ಸ್ವಾತಂತ್ರ್ಯ ಬಂದ ಮೇಲೆ ಹೂಗ್ಲಿ ದಡದ ಆ ಕಾರ್ಖಾನೆಯಲ್ಲಿ ತಯಾರಾದ ನಂಬರ್ 1 ಮಾರ್ಕ್ 3 ಅನ್ನೋ ಲೀ ಎನ್‌ಫೀಲ್ಡ್ ಮಾದರಿ. ಅದನ್ನ ನೋಡಿ ನಂಗೆ ಎಷ್ಟು ಆಸೆ ಆಯ್ತು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಜಾಹೀರಾತಲ್ಲಿ ಬರೆದಿದ್ದು ಇದು: ಬೋರ್ (ಬ್ಯಾರೆಲ್ ಒಳಗಿನ ತೂತು) ಅತ್ಯುತ್ತಮ, ರೈಫ್ಲಿಂಗ್ (ಅದರೊಳಗಿನ ಸುರುಳಿ ಗೆರೆ) ಚೂಪಾಗಿದೆ, ಬೋಲ್ಟ್ ನಂಬರ್ ಮತ್ತು ರಿಸೀವರ್ (ಬೋಲ್ಟ್ ಕೂರೋ ಲೋಹದ ಬಾಡಿ) ನಂಬರ್ ಒಂದೇ, ಶೂಟರ್ ಗ್ರೇಡ್, ಅಂದ್ರೆ ಹೊಡೆಯೋಕೆ ಯೋಗ್ಯ. 429 ಡಾಲರ್. ಅದರ ಮೇಲೆ 25 ಡಾಲರ್ ಕೊಟ್ರೆ "ಇರೋದ್ರಲ್ಲಿ ಒಳ್ಳೇದನ್ನ ಕೈಯಾರೆ ಆರಿಸಿ ಕಳಿಸ್ತೀವಿ" ಅಂತ. ಕೊಟ್ಟೆ. ಕಾರ್ಡಲ್ಲಿ ಕಟ್ಟಿದ್ರೆ ಶೇಕಡ 3 ಜಾಸ್ತಿ, ಮನಿ ಆರ್ಡರ್ ಕಳಿಸಿದ್ರೆ ಬೇಗ ಕಳಿಸ್ತೀವಿ ಅಂದ್ರು. ಮನಿ ಆರ್ಡರ್ ಕಳಿಸಿದೆ. ಎಲ್ಲರೂ ಹಾಗೇ ಕೇಳ್ತಾರೆ ಅಂತ ನಿಮಗೂ ಗೊತ್ತಲ್ಲ. ಆ ಶೇಕಡ 3 ಯಾತಕ್ಕೆ ಅಂತ ಆಮೇಲೆ ಅರ್ಥ ಆಯ್ತು. ಕಾರ್ಡಾಗಿದ್ರೆ ಬ್ಯಾಂಕಿಗೆ ಹೇಳಿ ದುಡ್ಡು ವಾಪಸ್ ಎಳೆಸಬಹುದಿತ್ತು.

ರೈಫಲ್ ಎಫ್‌ಎಫ್‌ಎಲ್ (ಗನ್ ಮಾರೋಕೆ ಸರ್ಕಾರ ಕೊಡೋ ಲೈಸೆನ್ಸ್) ಇರೋ ನಮ್ಮೂರಿನ ಅಂಗಡಿಗೆ ಬಂತು. ಗನ್ ತಗೊಳ್ಳೋವಾಗ ತುಂಬೋ ಫಾರ್ಮ್ 4473 ತುಂಬಿದೆ, ಟ್ರಾನ್ಸ್‌ಫರ್ ಫೀಸ್ ಕಟ್ಟಿದೆ, ಮನೆಗೆ ತಂದೆ. ಮೈ ತುಂಬಾ ಗ್ರೀಸ್. ಬೋಲ್ಟ್ ತೆಗೆದು ಬೋರ್ ಒಳಗೆ ನೋಡಿದ್ರೆ ಬರೀ ಕಪ್ಪು. ಮಾರಿದವರ ರೂಲ್ ಕೇಳಿ: ಹೊಡೆಯದೆ ಬರೀ ನೋಡೋಕೆ ಮೂರು ದಿನ, ಅಷ್ಟರೊಳಗೆ ವಾಪಸ್ ಕೊಡಬಹುದು. ಆದ್ರೆ ಗ್ರೀಸ್ ಒರೆಸಿದ್ರೆ "ಕಳಿಸಿದ ಸ್ಥಿತಿಯಲ್ಲಿ ಇಲ್ಲ", ಆದ್ದರಿಂದ ವಾಪಸ್ ಇಲ್ಲ. ಒರೆಸದೆ ಏನು ನೋಡ್ತೀರಿ? ನೋಡೋಕೆ ಬಿಡ್ತೀವಿ ಅಂತಾರೆ, ನೋಡೋಕಾಗದ ಹಾಗೆ ಮೆತ್ತಿ ಕಳಿಸ್ತಾರೆ! ಸಾಲದ್ದಕ್ಕೆ ಆ ಮೂರು ದಿನ ಶುರುವಾಗೋದು ನನ್ನ ಕೈಗೆ ಬಂದಾಗಿನಿಂದ ಅಲ್ಲ, ಅಂಗಡಿಯವನು ಪಾರ್ಸೆಲ್‌ಗೆ ಸೈನ್ ಹಾಕಿದಾಗಿನಿಂದ. ಅಂಗಡಿಯವನು ಪುಸ್ತಕದಲ್ಲಿ ಬರ್ಕೊಂಡು ನಂಗೆ ಫೋನ್ ಮಾಡೋ ಹೊತ್ತಿಗೆ ಅದು ಮುಗಿದೇ ಹೋಗಿತ್ತು.

ಒರೆಸಿದೆ. ಒಳಗೆ ತುಕ್ಕಿನ ಗುಳಿ, ಬಾಯಿಯ ಹತ್ತಿರ ರೈಫ್ಲಿಂಗ್ ಸವೆದು ನುಣ್ಣಗಾಗಿದೆ. ಇಷ್ಟೇ ಆಗಿದ್ರೆ ಹಳೇ ಮಾಲು, ಇರಲಿ ಅಂತಿದ್ದೆ. ಬೋಲ್ಟ್ ಹಿಡಿ ಹಿಂದಿನ ನಂಬರ್ ನೋಡಿದೆ. ರಿಸೀವರ್‌ನಲ್ಲಿರೋ ನಂಬರೇ, ಆದ್ರೆ ಅಂಕಿಗಳ ಅಚ್ಚು ಬೇರೆ, ಆಳ ಬೇರೆ. ಅದರ ಸುತ್ತ ಲೋಹ ತಗ್ಗಾಗಿದೆ, ಅರದಲ್ಲಿ ತಿಕ್ಕಿದ ಗೀರು ಬಣ್ಣದ ಕೆಳಗಿಂದ ಹಾಗೇ ಕಾಣ್ತಿದೆ. ಬೋಲ್ಟ್ ಒಳಗಿನ ಫೈರಿಂಗ್ ಪಿನ್ (ಗುಂಡಿನ ತಳಕ್ಕೆ ಬಡಿದು ಹಾರಿಸೋ ಮೊಳೆ) ಹೊಸದು, ಫಳಫಳ ಹೊಳೀತಿದೆ. ಎಪ್ಪತ್ತು ವರ್ಷದ ಬೋಲ್ಟ್‌ಗೆ ಹೊಸ ಪಿನ್ ಯಾಕೆ ಅಂತ ಆಗಲೇ ಹೊಟ್ಟೆಯಲ್ಲಿ ಕಸಿವಿಸಿ ಶುರುವಾಯ್ತು. ಹೊಡೆಯಲಿಲ್ಲ. ಸೀದಾ ಗನ್‌ಸ್ಮಿತ್ (ಗನ್ ರಿಪೇರಿ ಮಾಡೋರು) ಹತ್ತಿರ ತಗೊಂಡು ಹೋದೆ.

ಶನಿವಾರ, ಅಂಗಡಿ ತುಂಬಾ ಜನ. ಆ ಗನ್‌ಸ್ಮಿತ್ ಹಿರಿಯರು ಮಾತಾಡದೆ ಮೇಲಿನ ಮರದ ಹ್ಯಾಂಡ್‌ಗಾರ್ಡ್ ಬಿಚ್ಚಿದ್ರು, ಬ್ಯಾರೆಲ್ ಬುಡವನ್ನ ಟಾರ್ಚ್ ಬೆಳಕಲ್ಲಿ ಓರೆಯಾಗಿ ಹಿಡಿದು "ಇಲ್ಲಿ ನೋಡು" ಅಂದ್ರು. ಒಂದು ಕಡೆ ಲೋಹ ಉಜ್ಜಿ ತಗ್ಗಾಗಿದೆ. ಆ ತಗ್ಗಲ್ಲಿ ಅರ್ಧ ಅಳಿಸಿದ ಒಂದು "ಡಿ". ಆಮೇಲೆ ಮುಂದಿನ ಮರ ಪೂರ್ತಿ ತೆಗೆದ್ರು. ಮರದೊಳಗೆ ಅಡಗಿದ್ದ ಕಡೆ ಉಜ್ಜೋ ಕಷ್ಟವನ್ನೂ ಪಟ್ಟಿರಲಿಲ್ಲ. "ಡಿಪಿ" ಅಂತ ಎರಡೂ ಅಕ್ಷರ ಸ್ಪಷ್ಟವಾಗಿ ಹಾಗೇ ಇದ್ವು.

ಡಿಪಿ. ಡ್ರಿಲ್ ಪರ್ಪಸ್. ಎನ್‌ಸಿಸಿ ಮಾಡಿದೋರಿಗೆ ಇದನ್ನ ಹೇಳೋದೇ ಬೇಡ. ಪರೇಡ್‌ಗೆ ಮಾತ್ರ, ಗುಂಡು ಹಾಕೋ ಹಾಗಿಲ್ಲ. ಸವೆದ ಬಾಡಿ, ಎಲ್ಲಿಂದಲೋ ತಂದ ಬೋಲ್ಟ್, ಕೆಲವು ಸಲ ಬಿರುಕು ಬಿಟ್ಟಿರೋದು, ಪಿನ್ ತುದಿ ಕತ್ತರಿಸಿರೋದು, ಇಂಥವನ್ನೆಲ್ಲ ಡಿಪಿಗೆ ಹಾಕ್ತಾರೆ. ಅದಕ್ಕೇ ನೋಡಿ ಹೊಸ ಪಿನ್! ನಾನು ಹುಡುಗನಾಗಿದ್ದಾಗ ಹೊತ್ತು ಕವಾಯತು ಮಾಡಿದ ಅದೇ ಜಾತಿಯ ಡಿಪಿ ರೈಫಲ್ಲನ್ನ ಸಮುದ್ರ ದಾಟಿಸಿ ತಂದು ನನಗೇ 454 ಡಾಲರ್‌ಗೆ ಮಾರಿದ್ದಾರೆ. ಅಷ್ಟು ಜನರ ಎದುರು ನಿಂತು ಅದನ್ನ ನೋಡಿದಾಗ ಕಿವಿಯೆಲ್ಲ ಬಿಸಿಯಾಯ್ತು. ಯಾರೋ ಹಿಂದಿನಿಂದ "ಅಯ್ಯೋ ಪಾಪ" ಅನ್ನೋ ಥರ ಸದ್ದು ಮಾಡಿದ್ರು. ಇವತ್ತಿಗೂ ಅದು ಕಿವಿಯಿಂದ ಹೋಗ್ತಿಲ್ಲ.

ಕೊನೆಗೆ ಹೆಡ್‌ಸ್ಪೇಸ್ ಗೇಜ್. ತ್ರೀ ನಾಟ್ ತ್ರೀ ಗುಂಡಿನ ತಳಕ್ಕೆ ದಪ್ಪ ಅಂಚು ಇರುತ್ತೆ. ಬೋಲ್ಟ್ ಮುಚ್ಚಿದಾಗ ಆ ಅಂಚಿಗೆ ಉಳಿಯೋ ಜಾಗವೇ ಹೆಡ್‌ಸ್ಪೇಸ್. 0.064 ಇಂಚಿನ ಗೇಜ್ ಹಾಕಿದ್ರೆ ಬೋಲ್ಟ್ ಮುಚ್ಚಬೇಕು. 0.074 ಹಾಕಿದ್ರೆ ಮುಚ್ಚಲೇಬಾರದು, ಬ್ರಿಟಿಷ್ ಸೈನ್ಯದವರ ಧಾರಾಳದ ಲೆಕ್ಕವೇ ಅಲ್ಲಿಗೆ ಮುಗಿಯುತ್ತೆ. ನನ್ನ ರೈಫಲ್ಲಿಗೆ 0.074 ಹಾಕಿದ್ರು. ಒಂದೇ ಬೆರಳಲ್ಲಿ ತಳ್ಳಿದ್ರು. ಮುಚ್ಚಿಕೊಳ್ತು. ಸಲೀಸಾಗಿ. ಇಂಥದ್ರಲ್ಲಿ ಹೊಡೆದ್ರೆ ಹಿತ್ತಾಳೆ ಕೇಸ್ ತಳದ ಹತ್ತಿರ ಹರಿದು, ಸುಡೋ ಗ್ಯಾಸ್ ಬೋಲ್ಟ್ ಪಕ್ಕದಿಂದ ಮುಖಕ್ಕೇ ಬರಬಹುದು. ನನ್ನ ಮಗ ರೇಂಜಲ್ಲಿ ಯಾವಾಗಲೂ ಪಕ್ಕದಲ್ಲೇ ನಿಂತಿರ್ತಾನೆ. ಅದನ್ನ ನೆನೆಸಿಕೊಂಡ್ರೆ ಮೈ ಉರಿಯುತ್ತೆ.

ಈಗ ಮಾರಿದವರ ಉತ್ತರ ಕೇಳಿ. ಫೋಟೋ ಸಮೇತ ಬರೆದೆ. ಮೊದಲ ಉತ್ತರ: "ಇದು ಸರ್ಪ್ಲಸ್, ಎಪ್ಪತ್ತು ವರ್ಷ ಹಳೇದು, ಹೊಸದು ಬೇಕಿದ್ರೆ ಹೊಸದನ್ನೇ ತಗೋಬೇಕಿತ್ತು." ನಾನು ಹಳೇದು ಅಂತ ದೂರಿದ್ನಾ? ಡಿಪಿ ಅಂತ ಅಲ್ವಾ ಹೇಳಿದ್ದು? ಮತ್ತೆ ಬರೆದೆ. ಎರಡನೇದು: "ಡಿಪಿ ಅನ್ನೋದು ಬರೀ ಒಂದು ಗುರುತು. ಎಷ್ಟೋ ಜನ ಡಿಪಿ ರೈಫಲ್ಲಲ್ಲೇ ಹೊಡೀತಾರೆ, ಏನೂ ಆಗಿಲ್ಲ." ಹಾಗಾದ್ರೆ ಉಜ್ಜಿದ್ದು ಯಾಕೆ? ಬರೀ ಗುರುತಾದ್ರೆ ಅಲ್ಲೇ ಬಿಡಬಹುದಿತ್ತಲ್ಲ? ಇದಕ್ಕೆ ಉತ್ತರ ಇಲ್ಲ. ಬದಲಿಗೆ, "ನಾವು ಉಜ್ಜಿಲ್ಲ, ನಮಗೆ ಹಾಗೇ ಬಂದಿದ್ದು." ಕೈಯಾರೆ ಆರಿಸಿ ಕಳಿಸ್ತೀವಿ ಅಂತ 25 ಡಾಲರ್ ತಗೊಂಡೋರು ಏನು ನೋಡಿ ಆರಿಸಿದ್ರು?

ಬೋರ್ ಫೋಟೋ ಬಗ್ಗೆ ಕೇಳಿದ್ದಕ್ಕೆ "ಆ ಫೋಟೋ ಮಾದರಿಗೆ ಮಾತ್ರ" ಅಂದ್ರು. ಅಂದ್ರೆ ಫೋಟೋದಲ್ಲಿರೋ ರೈಫಲ್ ನನ್ನದೇ ಅಲ್ಲ. ಹೆಡ್‌ಸ್ಪೇಸ್ ಬಗ್ಗೆ ಬರೆದ್ರೆ "ನಿನ್ನ ಗನ್‌ಸ್ಮಿತ್‌ಗೆ ಎನ್‌ಫೀಲ್ಡ್ ಬರಲ್ಲ." ಫೋನಲ್ಲಿ ಸಿಕ್ಕವನು ಇನ್ನೂ ಮುಂದೆ ಹೋದ. "4473 ಆದ ಮೇಲೆ ಅದು ನಿನ್ನ ಬಳಸಿದ ಗನ್ ಮಾರಾಯ, ಗ್ರೀಸ್ ಬೇರೆ ಒರೆಸಿದ್ದೀಯಾ, ನಾವೇನು ಮಾಡೋಕಾಗುತ್ತೆ? ಗೋಡೆಗೆ ಹಾಕು, ಚೆನ್ನಾಗಿ ಕಾಣುತ್ತೆ." ಗೋಡೆಗೆ ಹಾಕು! ಶೂಟರ್ ಗ್ರೇಡ್ ಅಂತ ದುಡ್ಡು ಎಣಿಸಿಕೊಂಡ ಬಾಯಲ್ಲೇ ಗೋಡೆಗೆ ಹಾಕು ಅಂತಾನೆ. ಕೊನೆಗೆ 100 ಡಾಲರ್ ಕ್ರೆಡಿಟ್ ಕೊಡ್ತೀವಿ, ಅದೂ ಅವರ ಹತ್ತಿರವೇ ಇನ್ನೊಂದು ಸಾಮಾನು ತಗೊಂಡ್ರೆ. ಬೇಡ ಅಂದೆ. ಆಮೇಲೆ ಮೇಲ್‌ಗೂ ಉತ್ತರ ಇಲ್ಲ, ಫೋನೂ ಎತ್ತಲ್ಲ. ರಾಜ್ಯದ ಅಟಾರ್ನಿ ಜನರಲ್ ಗ್ರಾಹಕ ವಿಭಾಗಕ್ಕೆ ಗನ್‌ಸ್ಮಿತ್ ಬರೆದುಕೊಟ್ಟ ಚೀಟಿ ಸಮೇತ ದೂರು ಹಾಕಿದೀನಿ.

ತಗೊಳ್ಳೋರಿಗೆ ನಾನು ಹೇಳೋದು ಇಷ್ಟು. ಅಂಗಡಿಯಲ್ಲೇ, ಸೈನ್ ಹಾಕೋ ಮುಂಚೆ, ಹ್ಯಾಂಡ್‌ಗಾರ್ಡ್ ಬಿಚ್ಚಿಸಿ ಬ್ಯಾರೆಲ್ ಬುಡ ನೋಡಿ. ಬಿಚ್ಚಲ್ಲ ಅಂದ್ರೆ ಅಲ್ಲೇ ಬಿಟ್ಟು ಬನ್ನಿ, ಟ್ರಾನ್ಸ್‌ಫರ್ ಆಗದ ರೈಫಲ್ಲನ್ನ ಅಂಗಡಿಯವನೇ ವಾಪಸ್ ಕಳಿಸಬಹುದು. ಗೇಜ್ ಹಾಕಿಸದೆ ಒಂದು ಗುಂಡೂ ಹೊಡೀಬೇಡಿ. ಗೇಜ್‌ಗೆ ಕೊಡೋ ದುಡ್ಡು ಊಟದ ಬಿಲ್‌ಗಿಂತ ಕಡಿಮೆ. ನಿಮ್ಮ ರೈಫಲ್ಲಿನದೇ ಫೋಟೋ, ನಂಬರ್ ಕಾಣೋ ಹಾಗೆ ಕೇಳಿ. ಕಳಿಸದೋರ ಹತ್ತಿರ ತಗೋಬೇಡಿ. ಮನಿ ಆರ್ಡರ್ ಅಂದ ಕೂಡ್ಲೇ ದೂರ ಹೋಗಿ, ಶೇಕಡ 3 ಹೋದ್ರೆ ಹೋಗಲಿ. ಸ್ವಲ್ಪ ದುಡ್ಡು ಕೂಡಿಟ್ಟು ಅಲಬಾಮಾದ ಆನಿಸ್ಟನ್‌ನಲ್ಲೋ ಓಹಾಯೋದ ಪೋರ್ಟ್ ಕ್ಲಿಂಟನ್‌ನಲ್ಲೋ ಇರೋ ಸಿಎಂಪಿ (ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ) ಅಂಗಡಿಯಲ್ಲಿ ಗರಾಂಡ್ ತಗೊಳ್ಳೋಕಾದ್ರೆ ಅದೇ ವಾಸಿ. ಅಲ್ಲಿ ಗ್ರೇಡ್ ಮಾಡಿ ಇಟ್ಟಿರ್ತಾರೆ, ಬ್ಯಾರೆಲ್ ಸವೆತ ಅಳೆಯೋಕೂ ಗೇಜ್ ಇದೆ, ಕೈಗೆ ತಗೊಂಡು ನೋಡಿ ಆರಿಸಬಹುದು.

ಆ ರೈಫಲ್ಲಿನ ಬೋಲ್ಟ್ ತೆಗೆಸಿ ಬೇರೆ ಇಟ್ಟಿದ್ದೀನಿ. ಇದನ್ನ ಇನ್ನೊಬ್ಬರಿಗೆ ಮಾರಿ ನನ್ನ ದುಡ್ಡು ಎತ್ತೋ ಕೆಲಸ ನಾನು ಮಾಡಲ್ಲ. ಅವರ ಜಾಹೀರಾತು ಇನ್ನೂ ಹಾಗೇ ಇದೆ, ಅದೇ ಚೂಪಾದ ರೈಫ್ಲಿಂಗ್ ಫೋಟೋ, ಅದೇ 25 ಡಾಲರ್. ಇಶಾಪುರದ್ದು ತಗೊಳ್ಳೋ ಯೋಚನೆ ಇರೋರು ನಂಗೆ ಮೆಸೇಜ್ ಹಾಕಿ, ಉಜ್ಜಿದ ಜಾಗದ ಫೋಟೋ ಎಲ್ಲ ಕಳಿಸ್ತೀನಿ, ಪಕ್ಕದಲ್ಲಿಟ್ಟು ಹೋಲಿಸಿ ನೋಡಿ.